ಬದರಿ ದಾರೀಲಿ ಕೇಳಿದ ಬೈಗುಳ

ಯಾತ್ರೆಗೆ ಹೊರಡೋ ಮುಂಚೆ ನಮ್ಮೋರು ಮೊದಲು ಮಾಡೋ ಕೆಲಸ ಏನು ಗೊತ್ತೇನ್ರವ್ವಾ? ವಾಪಸ್ ಬರೋ ದಿನ ಗೊತ್ತು ಮಾಡೋದು. ಮಗ್ಗ ನಿಂತೋಯ್ತದೆ, ಎಮ್ಮೆ ಈಯ್ತದೆ, ಹುಣ್ಣಿಮೆಗೆ ನಾದಿನಿ ಮಗಳ ಮದುವೆ ಐತೆ, ಅಷ್ಟರೊಳಗೆ ಬಂದ್ಬುಡಬೇಕು. ಆಮ್ಯಾಕೆ ಮಿಕ್ಕ ದಿನಾನ ದೇವರಿಗೆ ಹಂಚೋದು. ನಾವೂ ಹಂಗೇ ಹಂಚಿದ್ವಿ. ನಾನು ಹಿಂದೂಪುರದ ನೇಕಾರರ ಬೀದಿ ರಾಮಕ್ಕ. ನಂಗೆ ಓದು ಬರಹ ಬರಾಕಿಲ್ಲ. ನಾನು ಹೇಳ್ತಾ ಹೋದೆ, ಮಹಿಳಾ ಮಂಡಳಿ ಟೀಚರಮ್ಮ ಬರಕೊಂಡ್ರು. ನಡುವೆ ಎರಡು ಸಲ ಬ್ಯಾಡ ಬುಡಮ್ಮಾ ಅಂದೆ. ಅವರು ಬುಡಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಕಲ್ಯಾಣದುರ್ಗದಿಂದ ನನ್ನ ತಂಗಿ ಎರ್ರಮ್ಮ ಹೇಳಿ ಕಳಿಸಿದ್ಲು. "ಅಕ್ಕಾ, ಮನೆಯೋರೆಲ್ಲ ಕಾಶಿ, ಬದರಿ ಎರಡೂ ಒಂದೇ ಪ್ರಯಾಣದಾಗೆ ಮುಗಿಸ್ಕೊಂಡು ಬರಾನ ಅಂತಾವ್ರೆ. ನಿನ್ನ ಹಳೇ ಟ್ರಂಕು ಕೊಡ್ತೀಯಾ?" ಅಂತ. ಅವಳು ಕೇಳಿದ್ದು ಟ್ರಂಕು. ನಾನು ಟ್ರಂಕು ಮನೇಲೇ ಬುಟ್ಟು ಬಸ್ಸು ಹತ್ತಿದೆ.

ಹೋಗಿ ನೋಡ್ತೀನಿ, ಮನೆ ತುಂಬ ಸಂಭ್ರಮ. ಎರ್ರಮ್ಮನ ಅತ್ತೆ ಆದಿಲಕ್ಷ್ಮಮ್ಮ, ಅರವತ್ತು ದಾಟಿದೋರು, ಹುರಿಹಿಟ್ಟು ಡಬ್ಬಕ್ಕೆ ತುಂಬ್ತಾ ಕೂತವ್ರೆ. ತಂಗಿ ಗಂಡ ಕೇಶವಯ್ಯ ತೊಡೆ ಮೇಲೆ ಪಂಚಾಂಗ ಇಟ್ಕೊಂಡು ಬೆರಳು ಮಡಿಸ್ತಾವ್ನೆ.

"ಬಾ ಅಕ್ಕಾ, ಬಾ. ನೀನೇ ಹೇಳು, ಸರಿ ಐತಾ ನೋಡಾನ. ಕಾಶೀಲಿ ಒಂಬತ್ತು ರಾತ್ರಿ. ಹೆತ್ತವ್ವ ಒಂಬತ್ತು ತಿಂಗಳು ಹೊತ್ತ ಋಣ ತೀರಬೇಕಲ್ಲ, ಅದರಾಗೆ ಒಂದೂ ಕಮ್ಮಿ ಮಾಡಾಂಗಿಲ್ಲ. ಆಮ್ಯಾಕೆ ಹರಿದ್ವಾರಕ್ಕೆ ರೈಲು. ಅಲ್ಲಿಂದ ಬಸ್ಸಲ್ಲಿ ಎರಡು ದಿನ. ಬದರಿ ತನಕ ಬಸ್ಸಿನ ರಸ್ತೆ ಇನ್ನೂ ಆಗಿಲ್ಲ, ಬಸ್ಸು ನಿಂತ ಕಡೆಯಿಂದ ಎರಡು ದಿನ ನಡೆದ್ರೆ ಬದರಿ. ದರ್ಶನ ಆದ ತಕ್ಷಣ ಕೆಳಗೆ."

"ನಡುವೆ ಎಲ್ಲೂ ತಂಗೋದಿಲ್ವೇನಪ್ಪಾ?"

"ತಂಗಿದ್ದು ಏನು ಮಾಡೋದು, ಕಲ್ಲು ನೋಡ್ಕೊಂಡು ಕೂತ್ಕೋಬೇಕಾ? ಪೆನುಕೊಂಡ ಬೆಟ್ಟ ಹತ್ತಿಲ್ವಾ ನಾವು? ತಿರುಪತಿ ಮೂರು ಸಲ ನಡೆದೇ ಹತ್ತೀನಿ. ಕೊಂಡ ಅಂದ್ರೆ ಕೊಂಡಾನೇ. ಏಮೀ ಕಾದು ಲೇ ಅಕ್ಕಾ!"

ಏಮೀ ಕಾದು. ಏನೂ ಆಗಲ್ಲ. ಮೂರು ವರ್ಷದ ಹಿಂದೆ ನಮ್ಮ ಯಜಮಾನ್ರೂ ಇದೇ ಮಾತು ಅಂದಿದ್ರು. ಅವರ ಹೆಸರು ನಾನು ಹೇಳೋಳಲ್ಲ, ಬೀದಿಯೋರು ಸೀತಾರಾಮಪ್ಪ ಅಂತಿದ್ರು.

"ಕೇಶವಯ್ಯಾ, ನಿಮ್ಮಣ್ಣನ್ನ ಆ ಬೆಟ್ಟದ ಮೇಲೆ ಬುಟ್ಟು ಬಂದೋಳು ಕಣಪ್ಪಾ ನಾನು."

ಅವನು ತಲೆ ತಗ್ಗಿಸ್ದ. "ಅಣ್ಣಂದು ಆಯಸ್ಸು ಅಷ್ಟೇ ಇತ್ತು ಅಕ್ಕಾ. ದೇವರ ಪಾದದ ತಾವ ಹೋದ್ರು. ಪುಣ್ಯ ಮಾಡಿದ್ರು."

"ಆಯಸ್ಸಂತೆ, ಪುಣ್ಯವಂತೆ! ಮೂರು ವರ್ಷದಿಂದ ಊರೆಲ್ಲ ಇದನ್ನೇ ಹೇಳ್ತು. ನಾನೂ ಹೂಂ ಹೂಂ ಅಂತ ತಲೆ ಆಡಿಸ್ದೆ. ಇವತ್ತು ನಿಜ ಹೇಳ್ತೀನಿ. ಪಂಚಾಂಗ ಮಡಚಿಟ್ಟು ಕೇಳು."

ಅಲ್ಲೇ ಕೂತು, ಯಾರಿಗೂ ಹೇಳದೆ ಇದ್ದಿದ್ದನ್ನ ಹೇಳಿದೆ. ನಿಮಗೂ ಅದನ್ನೇ ಹೇಳ್ತಾ ಇವ್ನಿ.

ಯಾತ್ರೆಗೆ ಹೋಗೋರು ಕಾಲರಾ ಸೂಜಿ ಹಾಕಿಸ್ಕೋಬೇಕಿತ್ತು. ಅದಕ್ಕೇ ನಾನೂ ನಮ್ಮ ಯಜಮಾನ್ರೂ ಊರ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಶಂಕರಯ್ಯ ಅಂತ ಕಾಂಪೌಂಡರು. ಮಿಲಿಟರೀಲಿದ್ದು ಹಿಮದ ಬೆಟ್ಟದಾಗೆ ಸಿಪಾಯಿಗಳಿಗೆ ಔಷಧಿ ಕೊಟ್ಟು ಬಂದೋರು. "ಕಾಶಿ ಆದ್ಮೇಲೆ ಬೆಟ್ಟಕ್ಕೆ ಎಷ್ಟು ದಿನ ಇಟ್ಟಿದ್ದೀರಿ?" ಅಂತ ಕೇಳಿದ್ರು. ನಾವು ಹೇಳಿದ್ವಿ. ಅವರು ಸೂಜಿ ಪಕ್ಕಕ್ಕಿಟ್ಟರು.

"ಸೀತಾರಾಮಪ್ಪಾ, ಇದು ತಪ್ಪು ಕಣಯ್ಯಾ. ಕಾಶಿ ಬಯಲು ಸೀಮೆ ಊರು. ಬದರಿ ಹತ್ತು ಸಾವಿರ ಅಡಿ ಎತ್ತರ. ತಿರುಪತಿ ಬೆಟ್ಟ ಮೂರು ತಂದು ಒಂದರ ಮೇಲೊಂದು ಇಟ್ಟರೂ ಅಷ್ಟಾಗಲ್ಲ. ಮೇಲೆ ಹೋದಂಗೆ ಗಾಳಿ ತೆಳುವಾಗ್ತದೆ. ನೀನು ನೇಯೋನು, ನಿಂಗೆ ಅರ್ಥವಾಗ್ತದೆ. ಇಲ್ಲಿ ಗಾಳಿ ಒತ್ತಾಗಿ ನೇಯ್ದ ಸೀರೆ, ಅಲ್ಲಿ ಜಾಳು ಬಟ್ಟೆ. ಇಲ್ಲಿ ಎಳೆದಂಗೇ ಉಸಿರು ಎಳೆದ್ರೂ ಮುಕ್ಕಾಲು ಪಾಲೂ ಸಿಗಲ್ಲ. ಮೈಗೆ ಅದು ರೂಢಿ ಆಗಬೇಕು. ನಡುಬೆಟ್ಟದ ಊರಾಗೆ ಎರಡು ರಾತ್ರಿ ನಿಂತ್ಕೊಳ್ಳಿ. ಆಮೇಲೂ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿ. ತಲೆನೋವು, ವಾಂತಿ, ತಲೆಸುತ್ತು ಬಂತೋ, ಇನ್ನೊಂದು ಹೆಜ್ಜೆ ಮೇಲಕ್ಕೆ ಇಡಬೇಡಿ. ಕೂತಲ್ಲೇ ಉಸಿರು ಕಟ್ಟಿದ್ರೆ, ಕೆಮ್ಮು ಹತ್ತಿದ್ರೆ, ಕುಡಿದೋರ ಹಂಗೆ ಹೆಜ್ಜೆ ತಪ್ಪಿದ್ರೆ, ಆಗಿಂದಾಗಲೇ ಕೆಳಗಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ."

ನಾನೇ ಬಾಯಿ ಹಾಕಿದೆ. "ಹಳೇ ಕಾಲದೋರು ಹೋಗಿ ಬರಲಿಲ್ವಾ ಸ್ವಾಮೀ?"

"ಅವರು ಹರಿದ್ವಾರದಿಂದ ನಡೆದೇ ಹೋಗೋರು ರಾಮಕ್ಕಾ. ಹದಿನೈದು, ಇಪ್ಪತ್ತು ದಿನ. ಅಷ್ಟರಲ್ಲಿ ಮೈ ಒಗ್ಗೋದು. ನಿಮ್ಮನ್ನ ಬಸ್ಸು ಎರಡೇ ದಿನಕ್ಕೆ ತಂದು ಅಷ್ಟೆತ್ತರಕ್ಕೆ ಬುಡ್ತದಲ್ಲ, ಅದೇ ತೊಂದರೆ."

"ಏಮೀ ಕಾದು ಲೇ ಶಂಕರಯ್ಯಾ," ಅಂತ ನಮ್ಮೋರು ಅಂಗಿ ತೋಳು ಇಳಿಸ್ಕೊಂಡು ಎದ್ದೇಬುಟ್ರು. ಮಗ್ಗದ ಗುಂಡಿಯಾಗೆ ಇಪ್ಪತ್ತು ವರ್ಷ ಕಾಲಾಡಿಸಿ ಅವರ ಕಾಲು ಒನಕೆ ಹಂಗಿತ್ತು. ಅಂಥ ಆಳಿಗೆ ಏನಾಗ್ತದೆ ಅಂತ ನಂಗೂ ಧೈರ್ಯ.

ನಾವಿಬ್ಬರು, ನಮ್ಮ ಬೀದಿ ಕದಿರಣ್ಣ, ಅವನ ಹೆಂಡತಿ ನಾರಮ್ಮ. ನಾಕು ಜನ. ಕಾಶೀಲಿ ಒಂಬತ್ತು ರಾತ್ರಿ ಬೆವರು ಸುರಿಸ್ಕೊಂಡು ಮಲಗಿದ್ವಿ. ನಾದಿನಿ ಮಗಳ ಮದುವೆಗೆ ವಾಪಸ್ ಬರಬೇಕಲ್ಲ, ಅದಕ್ಕೆ ಬೆಟ್ಟಕ್ಕೆ ಉಳಿದಿದ್ದು ಎಣಿಸಿದಷ್ಟೇ ದಿನ. ಬಸ್ಸು ಇಳಿದು ನಡೆಯಾಕೆ ಹಿಡಿದ ಮೊದಲ್ನೇ ಸಂಜೆಗೇ ಅವರಿಗೆ ತಲೆನೋವು. ರೊಟ್ಟಿ ಮುಟ್ಟಲಿಲ್ಲ. ಬಿಸಿಲು ಹೊಡೆದಿರಬೇಕು ಅಂದ್ಕೊಂಡು ಶುಂಠಿ ತೇಯ್ದು ಹಣೆಗೆ ಹಚ್ಚಿದೆ. ಅವತ್ತೇ ಅಲ್ಲಿ ನಿಂತಿದ್ರೆ ಆಗೋದು. ನಿಲ್ಲಲಿಲ್ಲ.

ಮಾರನೇ ದಿನ ಕಡಿದಾದ ದಾರಿ. ನಮ್ಮ ಕಡೆ ಒಂದು ಪದ್ಧತಿ ಐತೆ, ನಿಮಗೂ ಗೊತ್ತು. ತಿರುಪತಿ ಮೆಟ್ಟಿಲು ಹತ್ತೋವಾಗ ಸುಸ್ತಾಯ್ತು ಅನ್ನಬಾರದು. ಗೋವಿಂದ ಅನ್ನಬೇಕು. ಅದನ್ನೇ ನಾನು ಅಲ್ಲೂ ಕಟ್ಟು ಮಾಡಿದ್ದೆ. ಅವರು ಬಂಡೆ ಹಿಡ್ಕೊಂಡು ನಿಂತು "ಗೋವಿಂದ" ಅನ್ನೋರು. ನಾವು ಮೂರೂ ಜನ ಖುಷಿಯಾಗಿ "ಗೋವಿಂದಾ ಗೋವಿಂದ!" ಅಂತ ಕೂಗೋದು. ಹತ್ತು ಹೆಜ್ಜೆ ಹೋಗಿ ತಿರುಗಾ ಅವರು "ಗೋವಿಂದ". ನಾವು ಇನ್ನೂ ಜೋರಾಗಿ. ಒಂದು ಸಲ ಮಾತ್ರ ನನ್ನ ಮುಖ ನೋಡಿ "ಲೇ, ಆಗಾಕಿಲ್ಲ ಕಣೇ" ಅಂದ್ರು.

ನಾನು ಏನಂದೆ ಗೊತ್ತಾ? "ಹಂಗನ್ನಬ್ಯಾಡ್ರೀ, ಗೋವಿಂದ ಅನ್ರಿ" ಅಂದೆ. ಆಮ್ಯಾಕೆ ಅವರು ಬೇರೆ ಮಾತೇ ಆಡಲಿಲ್ಲ. ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ.

ಮಧ್ಯಾಹ್ನದ ಮೇಲೆ ಎದುರಿಂದ ಒಬ್ಬ ಬೆಟ್ಟದವನು ಬಂದ. ಕೂಲಿ ಆಳು, ಬೆನ್ನ ಮೇಲೆ ಜನ ಹೊರೋ ಬುಟ್ಟಿ, ಬುಟ್ಟಿ ಖಾಲಿ. ನಮ್ಮೋರ ಮುಖ ನೋಡಿ ನಿಂತ್ಬುಟ್ಟ. ಅವರ ತುಟಿ ನೇರಳೆಹಣ್ಣಾಗಿತ್ತು. ಅವನು ನನ್ನ ಕಡೆ ತಿರುಗಿ ಕೈ ಬೀಸ್ತಾ "ನೀಚೆ! ನೀಚೆ!" ಅಂದ. ನಂಗೆ ಪಿತ್ತ ನೆತ್ತಿಗೇರ್ತು.

"ಯಾರನ್ನೋ ನೀಚೆ ಅಂತೀಯಾ? ಯಾತ್ರೆಗೆ ಬಂದ ಹೆಂಗಸನ್ನ? ನೀನು ನೀಚ, ನಿಮ್ಮಪ್ಪ ನೀಚ!"

ಅವನು ಬುಡಲಿಲ್ಲ. ಬುಟ್ಟಿ ಕೆಳಗಿಟ್ಟು ತಟ್ಟಿ ತಟ್ಟಿ ತೋರಿಸ್ದ. ನಮ್ಮೋರ ತೋಳು ಹಿಡಿದ. "ನೀಚೆ, ಮಾಯೀ, ನೀಚೆ!" ಕಳ್ಳನೇ ಇರಬೇಕು ಅಂತ ನಾನು ಛತ್ರಿ ಎತ್ತಿದೆ. ಅವನು ಹಣೆ ಹಣೆ ಬಡ್ಕೊಂಡು, ಎರಡು ಸಲ ಹಿಂದಕ್ಕೆ ತಿರುಗಿ ನೋಡ್ಕೊಂಡು ಹೋದ. ಕದಿರಣ್ಣ "ಸರಿಯಾಗಿ ಮಾಡ್ದೆ ಬುಡಕ್ಕಾ" ಅಂದ.

ಸಂಜೆಗೆ ಗುಡಿ ಕಾಣ್ತು. ಅವರು ದಾರಿ ಪಕ್ಕದ ಕಟ್ಟೆ ಮೇಲೆ ಕೂತ್ರು. ಕೂತರೂ ಉಸಿರು ನಿಲ್ಲಾಕಿಲ್ಲ. ಕೆಮ್ಮು, ಕೆಮ್ಮಿನ ಜತೆ ಬುರುಗು. ಕಾಂಪೌಂಡರು ಒಂದೊಂದೂ ಬಿಡಿಸಿ ಹೇಳಿದ್ರು, ನಂಗೆ ಒಂದೂ ನೆಪ್ಪಾಗಲಿಲ್ಲ. ಬೆಳಿಗ್ಗೆ ದರ್ಶನ ಆದ್ರೆ ಎಲ್ಲ ಸರಿಹೋಯ್ತದೆ ಅಂತ ಕಂಬಳಿ ಹೊದಿಸಿ ಕೂತೆ. ಬೆಳಕು ಹರಿಯೋ ಹೊತ್ತಿಗೆ ಅವರಿಲ್ಲ.

ಊರಿಗೆ ಬಂದು ಎಷ್ಟೋ ತಿಂಗಳಾದ ಮೇಲೆ, ಆಸ್ಪತ್ರೇಲಿ ಶಂಕರಯ್ಯನ ಮುಂದೆ ಆ ಕೂಲಿಯವನನ್ನ ಬೈದೆ. "ಅಂಥ ಹೊತ್ತಲ್ಲೂ ನನ್ನ ನೀಚೆ ಅಂದ ಸ್ವಾಮೀ, ಪಾಪಿ" ಅಂದೆ. ಅವರು ಸ್ಟೂಲು ಎಳೆದು ನನ್ನ ಕೂರಿಸಿದ್ರು.

"ರಾಮಕ್ಕಾ, ಅದು ಬೈಗುಳ ಅಲ್ಲ ಕಣಮ್ಮಾ. ಹಿಂದೀಲಿ ನೀಚೆ ಅಂದ್ರೆ ಕೆಳಗೆ. ಕೆಳಗೆ ಕರ್ಕೊಂಡು ಹೋಗು ಅಂತ ಹೇಳವ್ನೆ. ತನ್ನ ಬುಟ್ಟೀಲಿ ಕೂರಿಸು ಅಂತ ಹೇಳವ್ನೆ."

ಹಿಂದೂಪುರದ ಸಂತೇಲಿ ಎಷ್ಟೋ ಜನ ಉರ್ದು ಮಾತಾಡ್ತಾರೆ. ಅದರಾಗೂ ಇರೋ ಆ ಒಂದು ಮಾತು ನನ್ನ ಕಿವಿಗೂ ಬಿದ್ದಿರಬೇಕು. ಮಗ್ಗದ ಮುಂದೆ ನೂಲು ಸುತ್ಕೊಂಡು ಕೂತೋಳು, ನಾನೆಲ್ಲಿ ಕಲಿತೇನು? ನನ್ನ ಗಂಡನ್ನ ಉಳಿಸಾಕೆ ಬಂದೋನಿಗೆ ಛತ್ರಿ ಎತ್ತಿದ ಕೈ ಇದು. ಈ ಕೈನಾಗೇ ದಿನಾ ಉಣ್ತೀನಿ.

ನಾನು ಹೇಳಿ ಮುಗಿಸಿದಾಗ ಕಲ್ಯಾಣದುರ್ಗದ ಆ ಮನೇಲಿ ಎರ್ರಮ್ಮ ಸೆರಗು ಬಾಯಿಗೆ ಹಿಡ್ಕೊಂಡಿದ್ಲು. ಆದಿಲಕ್ಷ್ಮಮ್ಮ ಕೇಳಿದ್ರು, "ಹಂಗಾರೆ ನಾನು ಬದರಿಗೆ ಹೋಗೋದೇ ಬ್ಯಾಡ್ವಾ ರಾಮಕ್ಕಾ?"

"ಹೋಗ್ರಿ ಅತ್ತೆ. ತಡೆಯಾಕೆ ಬಂದಿಲ್ಲ ನಾನು. ಮೊದಲು ಡಾಕ್ಟರ ತಾವ ಎದೆ ತೋರಿಸ್ರಿ. ಆಮ್ಯಾಕೆ ನಿಧಾನಕ್ಕೆ ಹೋಗ್ರಿ. ಬೆಟ್ಟದಾಗೆ ಉಪವಾಸ ಗಿಪವಾಸ ಬ್ಯಾಡ, ಬಿಸಿನೀರು ಕುಡೀತಾ ಇರ್ರಿ. ಮೈಗೆ ಏನಾದ್ರೂ ಆದ್ರೆ ಬಾಯಿಬುಟ್ಟು ಹೇಳ್ರಿ. ದೇವರು ಬೇಜಾರು ಮಾಡ್ಕೊಳ್ಳಾಕಿಲ್ಲ."

ಕೇಶವಯ್ಯ ಪಂಚಾಂಗ ತಿರುಗಾ ಬಿಚ್ಚಿದ. "ವಾಪಸ್ ಟಿಕೇಟು ಈಗಲೇ ತೆಗೆಯಾಕಿಲ್ಲ ಬುಡಕ್ಕಾ. ಮೊದಲು ಬೆಟ್ಟ ಹತ್ತಾಕೇ ಹತ್ತು ದಿನ ಎತ್ತಿಡ್ತೀನಿ. ಕಾಶಿಗೆ ಮಿಕ್ಕಷ್ಟು."

"ಒಂಬತ್ತು ರಾತ್ರಿ?" ಅಂದ್ರು ಆದಿಲಕ್ಷ್ಮಮ್ಮ.

"ಮೂರು ಸಾಕಮ್ಮಾ. ಆರು ರಾತ್ರಿ ನಿನ್ನ ಜೀವಕ್ಕೆ ಇಟ್ಟಿವ್ನಿ."

ಹೊರಡೋ ಮುಂಚೆ ಮನೆ ಮಂದಿಗೆಲ್ಲ ಆ ಹಿಂದಿ ಮಾತು ಬಾಯಿಪಾಠ ಮಾಡಿಸಿ ಬಂದೆ.

ವೈಶಾಖದಾಗೆ ಹೋದ್ರು. ನಡುಬೆಟ್ಟದ ಊರಲ್ಲಿ ಎರಡು ರಾತ್ರಿ ನಿಂತ್ರು. ಇನ್ನೂ ಮೇಲಿನ ಛತ್ರ ಮುಟ್ಟಿದಾಗ ಮುದುಕಿಗೆ ತಲೆನೋವು, ವಾಂತಿ. ಅವತ್ತು ಮುಂದಕ್ಕೆ ಹೋಗದೆ ಅಲ್ಲೇ ಉಳಿದ್ರು. ಮಾರನೇ ದಿನ ಕಮ್ಮಿ ಆಗೋದಿರ್ಲಿ, ಕೂತಲ್ಲೇ ಉಸಿರು ಎಳೆಯಾಕೆ ಹಿಡಿದ್ರು. ಗುಡಿ ಇನ್ನು ಅರ್ಧ ದಿನದ ದಾರಿ. "ಇಷ್ಟು ದೂರ ಬಂದು ಹಂಗೇ ಹೋಗೋದಾ, ಸತ್ತರೆ ಇಲ್ಲೇ ಸಾಯ್ತೀನಿ" ಅಂತ ಆಕೆ ಅತ್ತರಂತೆ. ಕೇಶವಯ್ಯ ಒಂದು ಮಾತೂ ಕೇಳಲಿಲ್ಲ. ಕೂಲಿಯವನ ಬುಟ್ಟೀಲಿ ತಾಯಿನ ಕೂರಿಸಿ, ತಾನು ಹಿಂದೆ ಹಿಂದೆ ಓಡಿಕೊಂಡು ಇಳಿಸಿಬುಟ್ಟ. ಕೆಳಗೆ ಬಂದ ಮಾರನೇ ದಿನಕ್ಕೆ ಆಕೆ ಎದ್ದು ಕೂತು ಅನ್ನ ಉಂಡ್ರು.

ದರ್ಶನ ಆಗಲಿಲ್ಲ. ಆ ಸಿಟ್ಟು ಆಯಮ್ಮನಿಗೆ ನನ್ನ ಮೇಲೆ ಇನ್ನೂ ಐತೆ. ಕಲ್ಯಾಣದುರ್ಗಕ್ಕೆ ಹೋದಾಗೆಲ್ಲ ಬಾಗಿಲಲ್ಲೇ ಶುರು ಹಚ್ಕೊಳ್ತಾರೆ: "ಬಂದ್ಲಪ್ಪಾ ನನ್ನ ಬದರಿ ತಪ್ಪಿಸ್ದೋಳು! ನಿನ್ನ ಮಾತು ಕೇಳಿ ನನ್ನ ಜನ್ಮ ಹಾಳಾಯ್ತು!" ನಾನು ಬಾಯಿ ಮುಚ್ಕೊಂಡು ಬೈಸ್ಕೊಳ್ತೀನಿ. ಬೈದು ಬೈದು ಸಾಕಾಗಿ ಅವರೇ ನಂಗೆ ಮುದ್ದೆ ಇಕ್ತಾರೆ. ನಮ್ಮ ಮನೇಲಿ ನನ್ನ ಬೈಯೋ ದನಿ ಒಂದೂ ಇಲ್ಲ ಕಣ್ರವ್ವಾ.

ಅಪ್ಪಂದಿರಾ, ಅವ್ವಂದಿರಾ, ನೀವೂ ಬಯಲ ಊರು ನೋಡ್ಕೊಂಡು ಹಿಮದ ಬೆಟ್ಟಕ್ಕೆ ಹೋಗೋರಿದ್ರೆ ಬೆಟ್ಟದ ದಿನ ಮೊದಲು ಎತ್ತಿಡಿ, ವಾಪಸ್ ದಿನ ಆಮ್ಯಾಕೆ ನೋಡ್ಕೊಳ್ಳಿ. ನಡುವೆ ಎರಡು ರಾತ್ರಿ ನಿಂತ್ಕೊಳ್ಳಿ, ನಿಧಾನಕ್ಕೆ ಹತ್ತಿ. ಜತೆಗಿರೋರು ಆಗಾಕಿಲ್ಲ ಅಂದ್ರೆ ನಂಬಿ. ದೇವರು ಬರೋ ವರ್ಷವೂ ಅಲ್ಲೇ ಇರ್ತಾನೆ. ನಿಮ್ಮೋರನ್ನ ಕೆಳಗೆ ಕರ್ಕೊಂಡು ಬನ್ನಿ.