ಬೂದಿರಾಯನಿಗೆ ಕೊಟ್ಟ ದನಿ

ಅಮೋಘಿಯ ದನಿ ಹಿಡಿದುಕೊಂಡು ಬಂದ ದಿನ ಗೀತಾಂಜಲಿ ಸುಳ್ಳು ಹೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವಳ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಅವಳದು ಸದ್ದು ಕೂಡಿಸುವ ಕೆಲಸ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದೆ ಒಂದು ಹಳೆ ಮನೆ, ಅದರ ಮಹಡಿಯಲ್ಲಿ ಗೋಡೆಗೆಲ್ಲ ಕೌದಿ ತೂಗುಹಾಕಿದ ಕೋಣೆ. ಅಲ್ಲಿ ಕೂತು ಸಿನಿಮಾದವರು ಕಳಿಸಿದ ಮೂಕ ಚಿತ್ರಗಳಿಗೆ ಬಾಗಿಲು ಕಿರುಗುಟ್ಟಿಸುತ್ತಾಳೆ, ಮಳೆ ಸುರಿಸುತ್ತಾಳೆ. ‘ಏಳನೇ ಚಂದ್ರ’ ಎಂಬ ಹೆಸರಿನ ಮೂರು ಸಿನಿಮಾ ಬಂದು ಮೂರೂ ಚೆನ್ನಾಗಿ ಓಡಿದ ಮೇಲೆ, ಅದೇ ಲೋಕದ ಕಥೆಯನ್ನು ಮಕ್ಕಳಿಗಾಗಿ ಟೀವಿಯ ಕಾರ್ಟೂನ್ ಧಾರಾವಾಹಿ ಮಾಡಲು ಹೊರಟವರು ಅವಳಿಗೂ ಕೆಲಸ ಕೊಟ್ಟರು. ಆ ಚಂದ್ರನ ಮೇಲೆ ಆರು ಕಾಲಿನ, ಮೈತುಂಬ ನೀಲಿ ಬೆಳಕಿನ ಮರಿಗಳು. ಅವನ್ನು ಮೇಯಿಸುವವನು ಒಬ್ಬ ಮುದುಕ. ಅವನು ಮರಿಗಳನ್ನು ಕರೆಯುವ ಸದ್ದು ಬೇಕಾಗಿತ್ತು.

ಗೀತಾಂಜಲಿಗೆ ನೆನಪಾದವನು ಬಿಜ್ಜರಗಿಯ ಅಮೋಘಿ ಒಬ್ಬನೇ. ತಿಕೋಟಾದಲ್ಲಿರುವ ಅವಳ ತಂದೆಯ ಹೊಲದಲ್ಲಿ ಅವನು ವರ್ಷವೂ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ. ಅವನ ಕರೆ ಕೇಳಿಕೊಂಡೇ ಬೆಳೆದವಳು ಅವಳು. ಮಾತೇ ಅಲ್ಲ ಅದು. ನಾಲಿಗೆಯಲ್ಲೊಂದು ಚಿಟುಕು, ಆಮೇಲೆ ಗಂಟಲಿನಿಂದ ಏಳುವ ಉದ್ದನೆಯ ಎಳೆತ, ಅಳುವ ಕೂಸನ್ನು ರಮಿಸಿದ ಹಾಗೆ. ಕೇಳಿದ್ದೇ ತಡ, ಕುರಿಗಳು ಬಾಯೊಳಗಿನ ಮೇವು ಬಿಟ್ಟು ಬರುತ್ತಿದ್ದವು.

ಅವಳು ಮೈಕು ಹಿಡಿದು ಹೋದ ದಿನ ಕುರಿ ಕೊಳ್ಳುವವನೊಬ್ಬ ಬಂದಿದ್ದ. ತಾನು ಆರಿಸಿದ ಟಗರನ್ನು ಕರೆಯಲು ಹೇಳಿದ. ಅಮೋಘಿ ಕರೆಯಲಿಲ್ಲ.

“ಮಾರೂದನ್ನ ಕರದು ಕೊಡಾಕ ಬರೂದಿಲ್ರಿ. ನೀವ ಹಿಡ್ಕೊಳ್ರಿ” ಅಂದ. ಆ ಮನುಷ್ಯ ಬಿಸಿಲಲ್ಲಿ ಹೊಲವೆಲ್ಲ ಓಡಾಡಿ ಹಿಡಿದ.

ಆಮೇಲೆ ಅಮೋಘಿ ಮೈಕಿನ ಕಡೆ ನೋಡಿದ. “ನನ್ನ ದನಿ ಯಾರಿಗೆ ಹಚ್ಚತಿ ಗೀತವ್ವಾ?”

“ಚಂದ್ರನ ಮ್ಯಾಲ ಕುರಿ ಕಾಯಾವಗ್ರಿ, ಕಾಕಾ. ನಿಮ್ಮಂಗ ಒಬ್ಬ ಮುದುಕ ಅದಾನ.”

ಆಗ ಅದು ನಿಜವೇ ಆಗಿತ್ತು. ಕೆಟ್ಟದ್ದು ವಾರದ ಮೇಲೆ. ಕರೆಯನ್ನು ಕೇಳಿದ ನಿರ್ದೇಶಕ ಹೈದರಾಬಾದಿನಿಂದ ಫೋನು ಮಾಡಿ, ಇದನ್ನು ಮುದುಕನಿಗೆ ಹಾಕಿ ವ್ಯರ್ಥ ಮಾಡುವುದು ಬೇಡ, ಬೂದಿರಾಯನಿಗೆ ಹಾಕೋಣ ಅಂದ. ಬೂದಿರಾಯ ಕಥೆಯ ಖಳ. ಅವನ ಹಡಗು ಓಡುವುದು ಆ ಮರಿಗಳನ್ನು ಕುಲುಮೆಗೆ ಹಾಕಿ ಉರಿಸಿದಾಗ. ಇಷ್ಟು ಪ್ರೀತಿಯಿಂದ ಕರೆದರೆ ಮರಿಗಳು ನಂಬಿ ತಾವೇ ಬರುತ್ತವೆ, ನೋಡುವವರ ಎದೆ ಝಲ್ಲೆನ್ನುತ್ತದೆ ಎಂಬುದು ನಿರ್ದೇಶಕನ ಲೆಕ್ಕಾಚಾರ. ಗೀತಾಂಜಲಿ ಬೇಡ ಅನ್ನಬಹುದಿತ್ತು. ಬೇರೆ ಕರೆ ತರುತ್ತೇನೆ ಅನ್ನಬಹುದಿತ್ತು. “ಆಯ್ತು ಸರ್, ಚೆನ್ನಾಗಿರುತ್ತೆ” ಅಂದಳು. ಚೆನ್ನಾಗಿಯೂ ಇತ್ತು, ಅದೇ ದೊಡ್ಡ ಕಷ್ಟ. ಧಾರಾವಾಹಿ ಬಂದ ಮೇಲೆ ಎಲ್ಲರೂ ಆ ಕರೆಯನ್ನೇ ಹೊಗಳಿದರು. ಹೊಗಳಿಕೆ ಬಂದಾಗಲೆಲ್ಲ ಅವಳು ಮಾತು ಬದಲಿಸುತ್ತಿದ್ದಳು. ತಿಕೋಟಾದ ಕಡೆ ಹೋಗುವುದನ್ನೇ ಬಿಟ್ಟಳು.

ಅವಳು ಹೋಗದಿದ್ದರೇನು, ಅಮೋಘಿಯೇ ಬಂದ. ಕುರಿಗಳಿಗೆ ಔಷಧ ಒಯ್ಯಲು ವಿಜಯಪುರಕ್ಕೆ ಬಂದವನು ಹೆಗಲ ಮೇಲಿನ ಕಂಬಳಿ ಸಮೇತ ಮಹಡಿ ಹತ್ತಿದ. ಚಹಾ ಕುಡಿದು, ಮುಖ ಅರಳಿಸಿಕೊಂಡು ಕೂತ.

“ನಮ್ಮೂರ ಹುಡುಗ್ರು ನನಗ ಬೂದಿರಾಯ ಅಂತ ಒದರ್ತಾವ. ಕೇಳಿದ್ರ ಹೇಳೂದಿಲ್ಲ, ನಕ್ಕೋತ ಓಡತಾವ. ನಿನ್ನ ಚಂದ್ರನ ಕುರುಬ ಅವನ ಏನು?”

“ಹೂಂರಿ” ಅಂದಳು ಗೀತಾಂಜಲಿ. ಇದು ಮೊದಲನೇ ಸುಳ್ಳು. ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು.

“ನಾ ನೋಡೇ ಇಲ್ಲ. ಒಮ್ಮಿ ತೋರಸು.”

ತೋರಿಸಿದಳು, ತನಗೆ ಬೇಕಾದಷ್ಟು ಮಾತ್ರ. ಪರದೆಯ ಮೇಲೆ ಬೂದಿಬಣ್ಣದ ನಿಲುವಂಗಿಯವನು ಗುಡ್ಡದ ಮೇಲೆ ನಿಂತು ಕರೆದ. ಅಮೋಘಿಯ ದನಿ ಕೋಣೆ ತುಂಬಿತು. ನೀಲಿ ಮರಿಗಳು ಕಣಿವೆಯಿಂದ ಎದ್ದು, ಒಂದರ ಹಿಂದೊಂದು ಅವನ ಕಾಲಬುಡಕ್ಕೆ ಬಂದವು. ಗೀತಾಂಜಲಿ ಅಲ್ಲಿಗೇ ನಿಲ್ಲಿಸಿದಳು.

“ಬಂದೂವಲ್ಲ! ಎಲ್ಲಾ ಬಂದೂವು ನೋಡು!” ಮುದುಕ ತೊಡೆ ತಟ್ಟಿದ. “ಮುಂದ ಏನ ಮಾಡ್ತಾನ?”

“ನೀರಿಗಿ ಹೊಡಕೊಂಡ ಹೋಕ್ಕಾನ್ರಿ.”

“ಹೋಗಬೇಕಲ್ಲ ಮತ್ತ. ಕರದ ಮ್ಯಾಲ ಏನರ ಕೊಡಾಕ ಬೇಕು” ಅಂದು ತಲೆದೂಗಿದ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಆದ್ರ ಗೀತವ್ವಾ, ಈಗೀಗ ನನ್ನ ಕುರಿ ನಾ ಕರದ್ರ ಬರೂದಿಲ್ಲ. ಹುಡುಗ್ರು ಗ್ವಾಡಿ ಹಿಂದ ನಿಂತು ಹಂಗ ಕರೀತಾವ. ಕುರಿ ಪಾಪ ಓಡಿ ಹೋಗಿ, ಯಾರೂ ಇಲ್ಲದ್ದ ನೋಡಿ ತಿರುಗಿ ಬರತಾವ. ಈಗ ನಾ ಕರದ್ರೂ ಸುಮ್ಮ ನಿಂತು ನೋಡತಾವ” ಅಂದ.

ಗೀತಾಂಜಲಿಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬೈಯಲು ಬಂದವನಲ್ಲ.

“ಇರಲಿ, ಹುಡುಗ್ರು ಅದಾವು. ಕುರಿಗಿ ಹೊಸಾ ಕರೆಯೊಂದು ಕಲಿಸಾಕತ್ತೇನಿ. ನಿನಗೂ ಬೇಕಾಗಬಹುದು ಅಂತ ಬಂದೆ. ತಗೋ, ಹಿಡ್ಕೋ ಇದನ್ನ.”

ಬೂದಿರಾಯನ ಹಡಗಿನ ಎರಡನೇ ಪಯಣಕ್ಕೆ ಇನ್ನೊಂದು ಕರೆ ಬೇಕೆಂದು ನಿರ್ದೇಶಕ ಹಿಂದಿನ ದಿನವಷ್ಟೇ ಕೇಳಿದ್ದ. ಗೀತಾಂಜಲಿ ಮೈಕನ್ನು ಅಮೋಘಿಯ ಮುಂದಿಟ್ಟಳು. ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟಳು, ಆದರೆ ಒತ್ತಲಿಲ್ಲ. ಇಷ್ಟಾದರೂ ಮಾಡಬೇಕು ಅನ್ನಿಸಿತ್ತು ಅವಳಿಗೆ.

ಅಮೋಘಿ ಕಣ್ಣು ಮುಚ್ಚಿ ಕರೆದ. ಈ ಸಲದ್ದು ಗಿಡ್ಡ ಕರೆ, ಕೊನೆಯಲ್ಲಿ ಮೇಲೇರಿ ನಿಲ್ಲುವಂಥದ್ದು. ಎದ್ದು ಹತ್ತಿರ ಹೋಗಬೇಕು ಅನ್ನುವಷ್ಟು ಇಂಪಾಗಿತ್ತು.

“ಬಂತೇನು?”

“ಬಂತ್ರಿ.”

“ಎಲ್ಲಿ, ಒಮ್ಮಿ ಕೇಳಸು.”

ಗೀತಾಂಜಲಿ ಪರದೆ ನೋಡಿದಳು, ನೆಲ ನೋಡಿದಳು. ಕೇಳಿಸಲು ಏನಿತ್ತು? “ಹಿಡದಿಲ್ರಿ ಕಾಕಾ. ಮಷೀನ ಹಚ್ಚಲೇ ಇಲ್ಲ” ಅಂದಳು. “ಹಿಡದಿದ್ರ ಅವರಿಗಿ ಕೊಡಬೇಕಾಕ್ಕಿತ್ತು. ನಾ ನಿಮಗ ಖರೇ ಹೇಳಿಲ್ಲ. ನನ್ನ ತಪ್ಪೈತ್ರಿ.” ಅಷ್ಟು ಹೇಳಿ, ನಿಲ್ಲಿಸಿದ್ದ ಚಿತ್ರವನ್ನು ಮುಂದಕ್ಕೆ ಓಡಿಸಿದಳು.

ಹಡಗಿನ ಬಾಗಿಲು ತೆರೆಯಿತು. ಬೂದಿರಾಯ ಒಳಗಿನಿಂದ ಮತ್ತೆ ಕರೆದ. ಮರಿಗಳು ಒಂದನ್ನೊಂದು ತಳ್ಳಿಕೊಂಡು ಒಳಗೆ ಓಡಿದವು. ಕುಲುಮೆ ಉರಿಯಿತು, ಹಡಗು ಎದ್ದಿತು.

ಅಮೋಘಿ ಪರದೆಯ ಹತ್ತಿರಕ್ಕೆ ಬಗ್ಗಿದ.

“ಕರದು ಹಾಕಿದ್ನ?”

“ಹೂಂರಿ.”

“ನನ್ನ ದನೀಲೆ?”

ಗೀತಾಂಜಲಿ ಅತ್ತಳು. ಅಳುವುದರಿಂದ ತನಗೇ ಹಗುರವಾಗುತ್ತಿದೆ ಎಂದು ಗೊತ್ತಾಗಿ ಅದಕ್ಕೂ ನಾಚಿಕೆಯಾಯಿತು. ಅಮೋಘಿ ಕಂಬಳಿ ಹೆಗಲಿಗೆ ಹಾಕಿಕೊಂಡ, ಔಷಧದ ಚೀಲ ತೆಗೆದುಕೊಂಡ. ಬಾಗಿಲ ತನಕ ಹೋದವನು ನಿಂತು ಮೈಕಿನ ಕಡೆ ಕೈ ತೋರಿಸಿದ.

“ಈಗ ಕರದದ್ದು ಹಿಡದಿಲ್ಲ ಅಂದೆಲ್ಲ, ಖರೇನ?”

“ಆಣಿ ಮಾಡ್ತೇನ್ರಿ ಕಾಕಾ. ಹಿಡದಿಲ್ಲ.”

ಅವನು ಯಂತ್ರ ನೋಡಿದ. ಅವಳ ಮುಖ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ.

“ಇರಲಿ ಬಿಡು” ಅಂದ. “ಕುರಿಗಿ ಮತ್ತೊಂದ ಕಲಿಸ್ತೇನಿ.”