ಬ್ಯಾರನ್ನಿಗೆ ಏರಿಸಿದ ಗಿಟಾರ್

ಕಂಪಲಾಪುರದ ಸುತ್ತಮುತ್ತ ಹೊಗೆಸೊಪ್ಪಿನ ಹದ ಬಲ್ಲವರು ಯಾರು ಎಂದು ಕೇಳಿದರೆ ಜನ ನಮ್ಮ ಮನೆಯವರನ್ನೇ ತೋರಿಸುತ್ತಾರೆ. ಸೊಪ್ಪನ್ನು ಸಾಲಾಗಿ ನೇತುಹಾಕಿ ಬೆಂಕಿಯ ಶಾಖಕ್ಕೆ ಒಣಗಿಸುವ ಬ್ಯಾರನ್ನಿನಲ್ಲಿ ಬೆಂದ ಎಲೆಯನ್ನು ಬೆರಳಲ್ಲಿ ಮುಟ್ಟಿ, ಇದು ಅತಿಯಾಗಿ ಒಣಗಿದೆ, ಈಗ ಅಲುಗಾಡಿಸಿದರೆ ಪುಡಿಯಾಗುತ್ತದೆ ಎಂದು ನನ್ನ ಗಂಡ ಕಾಂತರಾಜ್ ಹೇಳಿಬಿಡುತ್ತಾರೆ. ಆದ್ದರಿಂದ ಪಾಪ, ಗೊತ್ತಿಲ್ಲದೆ ಮಾಡಿದರು ಎಂದು ಯಾರೂ ನನಗೆ ಸಮಾಧಾನ ಹೇಳಲು ಬರಬೇಡಿ.

ಗಿಟಾರ್ ನನ್ನದು. ಮದುವೆಗೆ ಮುಂಚೆ ಬೀಚನಹಳ್ಳಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಸಂಜೆ ಹೊತ್ತು ನುಡಿಸುತ್ತಿದ್ದ ವಯನಾಡಿನ ಬಿಜು ಎಂಬಾತ ಊರಿಗೆ ಹೊರಟಾಗ ಅದನ್ನು ನನಗೆ ಮಾರಿದ. ಹನ್ನೆರಡು ತಂತಿಯದು. ಎರಡೆರಡು ಅಕ್ಕಪಕ್ಕ ನಿಂತು ಆರು ಜೊತೆ. ಒಂದು ಜೊತೆ ಮೀಟಿದರೆ ಇಬ್ಬರು ಒಟ್ಟಿಗೆ ಹಾಡಿದ ಹಾಗೆ. ನುಡಿಸುವುದಕ್ಕಿಂತ ಸಾಕುವುದೇ ಕಷ್ಟ ಎಂದು ಅವನು ಮೊದಲೇ ಹೇಳಿದ್ದ. ಹನ್ನೆರಡೂ ಸೇರಿ ಎಳೆದರೆ ಕತ್ತು ಬಾಗುತ್ತದೆ, ಬಹಳ ದಿನ ಎತ್ತಿಡುವಾಗ ತಂತಿ ಸಡಿಲಿಸಬೇಕು. ಬೆವರು ಒರೆಸಬೇಕು. ಬೆಂಕಿಯ ಶಾಖಕ್ಕಂತೂ ತರಲೇಬಾರದು, ಅಂಟು ಬಿಟ್ಟುಕೊಳ್ಳುತ್ತದೆ.

ನನ್ನನ್ನು ನೋಡಲು ಬಂದ ದಿನ ಕಾಂತರಾಜ್ ನನ್ನ ಅಡುಗೆಯ ಬಗ್ಗೆ ಕೇಳಲಿಲ್ಲ, ಗಿಟಾರಿನ ಬಗ್ಗೆ ಕೇಳಿದರು. ಮದುವೆಯಾದ ಮೇಲೂ ನುಡಿಸಲಿ, ನಾನು ಯಾವತ್ತೂ ಬೇಡ ಅನ್ನುವುದಿಲ್ಲ ಎಂದು ನಮ್ಮಪ್ಪನ ಎದುರಿಗೇ ಮಾತು ಕೊಟ್ಟರು. ನಾನು ಒಪ್ಪಿದ್ದೇ ಆ ಮಾತಿಗೆ, ಸುಳ್ಳು ಯಾಕೆ ಹೇಳಲಿ. ಈ ಮನೆಗೆ ಬಂದ ಮೇಲೆ ಒರೆಸಲು ತಮ್ಮ ಹಳೆಯ ಪಂಚೆ ಹರಿದುಕೊಟ್ಟರು. ತಂತಿ ಬದಲಿಸುವ ದಿನ ಎದುರಿಗೆ ಕೂತು, ಇದು ಯಾಕೆ, ಅದು ಯಾಕೆ ಎಂದು ಕೇಳುತ್ತಿದ್ದರು. ಎಳೆತ, ಶಾಖ, ಅಂಟು, ಎಲ್ಲವನ್ನೂ ಬಿಡಿಸಿ ಹೇಳಿದವಳು ನಾನೇ.

ಈ ಶ್ರಾವಣದಲ್ಲಿ ಹುಣಸೂರಿನಲ್ಲಿ ವಚನ ಹಾಡಲು ನಮ್ಮ ಮಹಿಳಾ ಬಳಗಕ್ಕೆ ಕರೆ ಬಂತು. ಹಾಡುವವರು ಅವರು, ನುಡಿಸುವವಳು ನಾನು. ಸ್ಟೇಜ್ ಹತ್ತುವುದು ನನಗೆ ಅದೇ ಮೊದಲು. ಒಳ್ಳೆಯದಾಯಿತು ಎಂದರು ಮನೆಯವರು. ಅದಾದ ಮೇಲೆ ಟೀ ಅಂಗಡಿಯಲ್ಲಿ ಅವರ ದೊಡ್ಡಪ್ಪನ ಮಗ ಶಿವಶಂಕರ್, ಹೆಂಡತಿ ಸ್ಟೇಜ್ ಮೇಲೆ, ನೀನು ಕೆಳಗೆ ಅವಳ ಚಪ್ಪಲಿ ಕಾಯುತ್ತಾ ನಿಲ್ಲು ಎಂದು ನಾಲ್ಕು ಜನರೆದುರು ಆಡಿಕೊಂಡನಂತೆ. ಇದನ್ನು ಮನೆಗೆ ಬಂದು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಎಂಥ ದಡ್ಡಿ ನೋಡಿ.

ಅಷ್ಟರಲ್ಲಿ ಅಮ್ಮನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಗಿಟಾರಿನ ತಂತಿ ಸಡಿಲಿಸಿ, ಬೀರುವಿನಲ್ಲಿಟ್ಟು ತವರೂರು ಚುಂಚನಕಟ್ಟೆಗೆ ಹೋದೆ. ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ವಾಪಸ್ ಬಂದು ನೋಡಿದರೆ ಬೀರು ಖಾಲಿ. ಅತ್ತೆ ಪ್ರೇಮಮ್ಮ ಹೆಮ್ಮೆಯಿಂದಲೇ ಹೇಳಿದರು: ಮಳೆಯ ತಂಡಿಗೆ ಬೂಷ್ಟು ಹಿಡಿದಿತ್ತಂತೆ, ಸೊಪ್ಪು ಏರಿಸುವಾಗ ಮಗ ಅದನ್ನೂ ಬ್ಯಾರನ್ನಿನೊಳಗೆ ನೇತುಹಾಕಿದ್ದಾನೆ, ಬೆಚ್ಚಗೆ ಒಣಗಲಿ ಅಂತ. ಅವರನ್ನು ದೂರುವಂತಿಲ್ಲ. ಮಳೆಗಾಲದಲ್ಲಿ ಒಣಗದ ಬಟ್ಟೆಬರೆಗೆಲ್ಲ ನಮ್ಮ ಕಡೆ ಬ್ಯಾರನ್ನಿನ ಬಿಸಿಯೇ ಗತಿ.

ಓಡಿದೆ. ಒಳಗಿನ ಶಾಖ ನೋಡಲೆಂದು ಬ್ಯಾರನ್ನಿನ ಗೋಡೆಗೆ ಗಾಜಿನ ಕಿಂಡಿಯಿದೆ; ಅದಕ್ಕೆ ಕಣ್ಣಿಟ್ಟೆ. ಹಳದಿಗೆ ತಿರುಗಿದ ಸೊಪ್ಪಿನ ಸಾಲುಗಳ ನಡುವೆ ನನ್ನ ಗಿಟಾರ್ ತೂಗುತ್ತಿತ್ತು. ತಂತಿಗಳ ಬುಡ ಹಿಡಿದಿರುವ ಮರದ ಪಟ್ಟಿ ಅರ್ಧ ಕಿತ್ತು ಮೇಲೆದ್ದಿತ್ತು. ಕತ್ತು ಬಾಗಿತ್ತು. ಸಡಿಲ ತಂತಿ ಮರವನ್ನು ಹಾಗೆ ಎಳೆಯಲಾರದು. ಯಾರೋ ಬಿರಡೆ ತಿರುಗಿಸಿ ಹನ್ನೆರಡನ್ನೂ ಬಿಗಿ ಮಾಡಿದ್ದರು.

ಬಾಗಿಲಿನ ಚಿಲಕಕ್ಕೆ ಕೈ ಹಾಕಿದೆ. ಬೇಯುವ ಹೊತ್ತಿನಲ್ಲಿ ಬಾಗಿಲು ತೆಗೆದರೆ ತಣ್ಣನೆ ಗಾಳಿ ನುಗ್ಗಿ ಸೊಪ್ಪೆಲ್ಲ ಕಪ್ಪಾಗುತ್ತದೆ, ಎಲ್ಲರ ದುಡಿಮೆ ಮಣ್ಣುಪಾಲು. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ನಾನು ಚಿಲಕ ತೆಗೆಯಲಾರೆ ಎಂಬುದು ಕಾಂತರಾಜ್‌ಗೆ ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಕಾಂತರಾಜ್ ಒಲೆಯ ಬಾಯಲ್ಲಿ ಸೌದೆ ತಳ್ಳುತ್ತಾ ಕೂತಿದ್ದರು. ತಂತಿ ಬಿಗಿ ಮಾಡಿದವರು ಯಾರು ಎಂದು ಕೇಳಿದೆ. ಬೂಷ್ಟು ಬಂದಿತ್ತು, ಒಳ್ಳೆಯದಕ್ಕೇ ಮಾಡಿದೆ ಎಂದರು. ಅದನ್ನಲ್ಲ ನಾನು ಕೇಳಿದ್ದು ಎಂದೆ. ಇನ್ನೊಂದು ಸೌದೆ ಕೈಗೆತ್ತಿಕೊಂಡರು.

"ನಾನೇನ್ ಓಗ್ಬೇಡ ಅಂದ್ನಾ?" ಎಂದರು. "ಒಂದಿನಾನಾದ್ರೂ ಬೇಡ ಅಂದಿವ್ನಾ ನಿಂಗೆ?"

ಇಲ್ಲ, ಅಂದಿರಲಿಲ್ಲ. ಕೊಟ್ಟ ಮಾತಿಗೆ ತಪ್ಪಿದರು ಎಂದು ಯಾರೂ ಅವರತ್ತ ಬೆರಳು ತೋರಿಸುವಂತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮೋಸ ಮಾಡಿದ್ದರು.

"ಬೇಡ ಅಂದಿದ್ರೆ ಜಗಳ ಆಡ್ತಿದ್ದೆ ಕಣ್ರೀ," ಎಂದೆ. "ಜಗಳ ಆಡ್ಕಂಡೇ ಉಣ್ಸೂರ್‌ಗೆ ಓಗ್ತಿದ್ದೆ. ಓಗಿ, ಸಾಯಂಕಾಲಕ್ಕೆ ಇದೇ ಮನೆಗೆ ವಾಪಸ್ ಬತ್ತಿದ್ದೆ."

ಅವರು ತಲೆಯೆತ್ತಿದರು. ಕೈಯಲ್ಲಿದ್ದ ಸೌದೆ ಕೈಯಲ್ಲೇ ಉಳಿಯಿತು. ತವರಿಂದ ತಂದ ಬ್ಯಾಗನ್ನು ನಾನಿನ್ನೂ ಬಿಚ್ಚಿರಲಿಲ್ಲ. ಮನೆಗೆ ಹೋಗಿ ಅದನ್ನೇ ಎತ್ತಿಕೊಂಡು ಚುಂಚನಕಟ್ಟೆಯ ಬಸ್ಸಿಗೆ ನಡೆದೆ.