ಸುಳಿ ನೋಡಿದ ಕೈ

ಹುಮನಾಬಾದಿನ ಕುದುರೆ ಪ್ರದರ್ಶನಕ್ಕೆ ವೈಜಿನಾಥ ಬಂದದ್ದು ಗೆಲ್ಲಲಿಕ್ಕಲ್ಲ. ಆ ಹುರುಪು ಯಾವತ್ತೋ ಆರಿಹೋಗಿತ್ತು. ತನ್ನ ಕುದುರೆ ಚಾಂದನಿಯ ಮೇಲೆ ಯಾರಾದರೂ ಒಮ್ಮೆ ಕೈಯಿಟ್ಟು, ಮಂದಿಯೆದುರು 'ಚೊಲೋ ಅದ' ಎಂದರೆ ಅವನಿಗೆ ಸಾಕಿತ್ತು.

ಕುದುರೆಯ ಮೈಮೇಲೆ ಕೂದಲು ಸುತ್ತಿಕೊಂಡ ಕಡೆ ಸುಳಿ. ಅದು ಇರಬಾರದ ಜಾಗದಲ್ಲಿದ್ದರೆ ಹತ್ತಿದವನಿಗೆ ಕೇಡು ಎಂದು ಈ ಕಡೆಯವರ ನಂಬಿಕೆ. ಪ್ರದರ್ಶನಕ್ಕೆ ಹೊಸ ಕುದುರೆ ಬಂದರೆ, ಸ್ಪರ್ಧಿಗಳಲ್ಲೇ ಹಿರಿಯನೊಬ್ಬ ಎಲ್ಲರೆದುರು ಅದರ ಮೈ ಸವರಿ ನೋಡುವುದು ರೂಢಿ. ದೋಷವಿಲ್ಲದಿದ್ದರೆ ಕೂಡಲೇ 'ಚೊಲೋ ಅದ' ಎನ್ನಬೇಕು. ಕೆಟ್ಟದ್ದನ್ನು ಮಾತ್ರ ಮೂಕಪ್ರಾಣಿಯ ಮುಂದೆ ಆಡಬಾರದು. ಸುಮ್ಮನೆ ಕೈ ತೆಗೆಯಬೇಕು.

ಮೂರು ವರ್ಷದ ಹಿಂದೆ ಇಲ್ಲೇ, ತಾನೂ ಸ್ಪರ್ಧೆಗಿದ್ದ ಬಕ್ಕಪ್ಪ ಸಾವ್ಕಾರ ಚಾಂದನಿಯ ಕುತ್ತಿಗೆ ಸವರಿ, ಸುಮ್ಮನೆ ಕೈ ತೆಗೆದಿದ್ದ. ಅಲ್ಲಿ ಯಾವ ಸುಳಿಯೂ ಇರಲಿಲ್ಲ. ಆದರೆ ಆಡದ ಮಾತಿಗೆ ಜಗಳ ತೆಗೆಯುವುದು ಹೇಗೆ? ಅಂದಿನಿಂದ ತನ್ನೂರು ಬಸವಕಲ್ಯಾಣದಲ್ಲಿ ಮೆರವಣಿಗೆಗೆಂದು ಒಬ್ಬ ಮದುಮಗನೂ ಅದರ ಬೆನ್ನೇರಲಿಲ್ಲ. ಬೀದಿಯಲ್ಲಿ ಬ್ಯಾಂಡಿನ ಸದ್ದಾದರೆ ಚಾಂದನಿ ಕಟ್ಟಿದಲ್ಲೇ ಕಾಲೆತ್ತಿ ಕುಣಿಯತೊಡಗುತ್ತಿತ್ತು. ಹೆಂಡತಿ ಕಾಂತಾಬಾಯಿ ಆಗ ಎದ್ದು ಒಳಗೆ ಹೋಗಿಬಿಡುವಳು.

ಈ ಸಲದ ಹೊಸ ಕುದುರೆ ಹುಲಸೂರಿನ ಗಜಾಲಾಳದ್ದು. ತಂದೆ ಲಾಲ್ ಅಹ್ಮದ್ ತೀರಿಕೊಂಡ ಮೇಲೆ ಅವನ ಬೂದು ಬಣ್ಣದ ಬಾದಲ್‌ನನ್ನು ತಾನೇ ಹಿಡಿದು ತಂದಿದ್ದಳು. ಅದು ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರು. ಬಕ್ಕಪ್ಪನೂ ಎದ್ದ. ಎದ್ದವನು ನೆಟ್ಟಗೆ ವೈಜಿನಾಥನ ಬಳಿ ಬಂದ.

"ಏನ್ ವೈಜಣ್ಣ, ಈ ಸಲಾನೂ ಬರೇ ನೋಡಾಕ ಬಂದೀರೋ, ಕುಣಿಯಾಕೂ ಬಂದೀರೋ?"

"ಕುಣಿಯಾಕ ಮೊಣಕಾಲು ಎಲ್ಲವ್ರಿ, ಸಾವ್ಕಾರ್ರ?"

ಬಕ್ಕಪ್ಪ ನಕ್ಕು ದನಿ ತಗ್ಗಿಸಿದ. "ಆ ಹುಡುಗಿ ಕುದುರಿ ಸುಳಿ ಇವತ್ತ ನೀವೇ ನೋಡೋದಂತ. ನೋಡ್ರಿ. ನೋಡಿ ಸುಮ್ಮನಾಗ್ರಿ. ಸುಳ್ಳು ಹೇಳ್ರಿ ಅನ್ನಾಕತ್ತಿಲ್ಲ ನಾ."

"ಆಮ್ಯಾಲ?"

"ಆಮ್ಯಾಲ ನಾ ಚಾಂದನಿ ಮ್ಯಾಲ ಕೈ ಇಡ್ತೀನಿ, ಇಷ್ಟೂ ಮಂದಿ ಮುಂದ. ಅವತ್ತ ಕಣ್ಣು ತಪ್ಪಿತ್ತು, ವಯಸ್ಸಾತು ಅಂತೀನಿ."

ವೈಜಿನಾಥ ಚಾಂದನಿಯ ಹಗ್ಗವನ್ನು ಗೂಟಕ್ಕೆ ಕಟ್ಟತೊಡಗಿದ. ಮೈಕಿನಲ್ಲಿ ಅವನ ಹೆಸರು ಕೂಗಿದರು.

"ಕಾಕಾ, ಜರಾ ಸಾವಕಾಶ," ಎಂದಳು ಗಜಾಲಾ. "ಅದಕ್ಕ ಕಚಗುಳಿ ಭಾಳ."

ಮಂದಿ ನಕ್ಕರು. ವೈಜಿನಾಥ ಬಾದಲ್‌ನ ಹಣೆ ಸವರಿದ, ಕುತ್ತಿಗೆ ಸವರಿದ, ಎದೆ ಸವರಿದ. ಎಲ್ಲಿಯೂ ದೋಷವಿರಲಿಲ್ಲ. ಹೇಳಬೇಕಾದ ಮಾತು ನಾಲಿಗೆಗೆ ಬಂತು. ಅಷ್ಟರಲ್ಲಿ ಆಚೆ ಕಟ್ಟಿದ್ದ ಚಾಂದನಿ ಕಣ್ಣಿಗೆ ಬಿತ್ತು. ಸುಮ್ಮನಿರಬೇಕೆಂದು ಅವನೇನೂ ನಿಶ್ಚಯಿಸಲಿಲ್ಲ. ಬಾಯಿ ತೆರೆಯುವುದೇ ಭಾರವೆನ್ನಿಸಿತು, ಅಷ್ಟೇ. ನಗು ನಿಂತಿತು. ಗಜಾಲಾ ಅವನ ಮುಖ ನೋಡಿದಳು.

"ಚೊಲೋ ಅದ," ಎಂದ. ಯಾರೂ ಮಿಸುಕಲಿಲ್ಲ. ದನಿಯೇರಿಸಿ, "ಭಾಳ ಚೊಲೋ ಅದ," ಎಂದ. ಎರಡನೆಯ ಸಲ ಹೇಳಿದ್ದು ಅವನ ಕಿವಿಗೇ ಕನಿಕರದಂತೆ ಕೇಳಿತು. ಪಕ್ಕದವನೊಬ್ಬ ತನ್ನ ಕುದುರೆ ಬಿಚ್ಚಿಕೊಂಡು ಬಾದಲ್‌ನಿಂದ ದೂರ ಒಯ್ದು ಕಟ್ಟಿದ.

"ಮತ್ತ ಅಷ್ಟೊತ್ತು ಯಾಕ ನಿಂತ್ರಿ, ಕಾಕಾ?"

"ವಯಸ್ಸಾತವಾ," ಎಂದುಬಿಟ್ಟ. ಹೇಳಿದ ಮೇಲೆ ಅದು ಯಾರ ಮಾತೆಂದು ಹೊಳೆಯಿತು.

ತನಗೆ ಬೇಕಾದದ್ದು ಆಗಿಹೋಗಿತ್ತು; ಬಕ್ಕಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ಚಾಂದನಿಯ ಕುತ್ತಿಗೆ ತಟ್ಟಿ, "ಚೊಲೋ ಅದ! ನಂದೇ ತಪ್ಪಾಗಿತ್ತು. ಬರ್ರಿ, ಮುಟ್ಟಿ ನೋಡ್ರಿ!" ಎಂದು ಕೂಗಿದ. ಮಂದಿ ಸುತ್ತ ನೆರೆದರು. ನಿರ್ಣಾ ಊರಿನವನೊಬ್ಬ ತನ್ನ ಮಗನ ಮದುವೆಗೆ ಚಾಂದನಿಯೇ ಬೇಕೆಂದ.

"ಆ ಹುಡುಗಿ ಕುದುರಿನೂ ಚೊಲೋ ಅದರಿ," ಎಂದ ವೈಜಿನಾಥ. "ನಾನೇ ನೋಡೀನಿ. ಖರೇನ ಏನೂ ಇಲ್ಲ."

"ಇರ್ಲಿ ಬಿಡ್ರಿ," ಎಂದು ಆ ನಿರ್ಣಾದವನು ವೈಜಿನಾಥನ ಭುಜ ತಟ್ಟಿದ. "ನಿಮ್ಮ ಮನಸ್ಸು ದೊಡ್ಡದು."

ಮಂದಿಯ ತಲೆಗಳಾಚೆ ಗಜಾಲಾ ಒಬ್ಬಳೇ ನಿಂತಿದ್ದಳು. ಬಾದಲ್‌ನ ಕುತ್ತಿಗೆಯ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ, ಬಗ್ಗಿ ಹುಡುಕುತ್ತಿದ್ದಳು.